ಆನೆಯ ‘ಸ್ಪೂರ್’: ಹೆಜ್ಜೆ ಗುರುತೇ, ಜಾಡೇ?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟ. ಮಗಳು ಕಾಡುಪ್ರಾಣಿಗಳ ಬಗ್ಗೆ ಓದುತ್ತಿದ್ದಾಳೆ. ನಮ್ಮ ಭಾಗಕ್ಕೆ ಆನೆ ಬಂದು ಹೋಗುವುದರ ಬಗ್ಗೆ ಅವಳು ಇಂಗ್ಲಿಷಿನಲ್ಲಿ ಒಂದು ವರದಿ ಬರೆದಿದ್ದಾಳೆ. ಅದರಲ್ಲಿ ‘ಫ್ರೆಶ್ ಸ್ಪೂರ್ ನಿಯರ್ ದ ಟ್ಯಾಂಕ್’ ಅಂತ ಇತ್ತು. ನಾನು ಅದನ್ನು ಸ್ಪೋರ್ ಅಂತ ಓದಿಕೊಂಡು, ಎಲೆ ತುಕ್ಕಿನ ವಿಷಯ ಇಲ್ಲಿ ಯಾಕೆ ಬಂತು ಅಂತ ಕೇಳಿದೆ. ‘ಅಲ್ಲ ಅಪ್ಪ, ಹೆಜ್ಜೆ ಗುರುತು’ ಅಂದಳು. ಆದರೆ ಎರಡು ಸಾಲು ಕೆಳಗೆ ‘ದ ಸ್ಪೂರ್ ಇನ್‌ಕ್ಲೂಡೆಡ್ ಡಂಗ್ ಅಂಡ್ ಬ್ರೋಕನ್ ಬ್ರಾಂಚಸ್’ ಅಂತಿದೆ. ಲದ್ದಿ, ಮುರಿದ ಕೊಂಬೆ ಎಲ್ಲ ಹೆಜ್ಜೆ ಗುರುತು ಹೇಗಾಗುತ್ತದೆ? ಇದನ್ನು ಕನ್ನಡಕ್ಕೆ ಮಾಡಿ ತೋಟದ ಕೆಲಸದವರು ಇರುವ ಲೈನ್ ಮನೆಗಳಲ್ಲಿ ಓದಿ ಹೇಳಬೇಕು ಅಂತಿದ್ದೇವೆ. ಯಾವ ಪದ ಹಾಕೋದು? ‘ಸ್ಪೂರ್ಸ್’ ಅಂತ ಬಹುವಚನ ಇದೆಯಾ?

ಉತ್ತರ:

ನಿಮಗೆ ಬಂದ ಅನುಮಾನ ಸರಿಯಾಗಿಯೇ ಇದೆ. ಮಗಳು ವರದಿಯಲ್ಲಿ ಪದವನ್ನು ಸರಿಯಾಗಿ ಬಳಸಿದ್ದಾಳೆ, ಬಾಯಲ್ಲಿ ಅರ್ಥ ಹೇಳುವಾಗ ಮಾತ್ರ ಚಿಕ್ಕದು ಮಾಡಿ ಹೇಳಿದ್ದಾಳೆ. ತಪ್ಪು ಅವಳದಲ್ಲ. ಚಿಕ್ಕ ನಿಘಂಟುಗಳಲ್ಲಿ ಜಾಗ ಕಡಿಮೆ, ‘ಪ್ರಾಣಿಯ ಹೆಜ್ಜೆ ಗುರುತು’ ಅಂತ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಸ್ಪೂರ್ ಅಂದರೆ ಅಷ್ಟೇ ಅಲ್ಲ. ಒಂದು ಪ್ರಾಣಿ ನಡೆದು ಹೋದಮೇಲೆ ಅದರ ಹಿಂದೆ ಏನೇನು ಉಳಿಯುತ್ತದೋ, ಯಾವುದನ್ನು ನೋಡಿಕೊಂಡು ನಾವು ಅದರ ಹಿಂದೆ ಹೋಗಬಹುದೋ, ಅದೆಲ್ಲ ಸೇರಿ ಸ್ಪೂರ್. ಹೆಜ್ಜೆ, ಲದ್ದಿ, ಮುರಿದ ಕೊಂಬೆ, ಮಲಗಿದ ಹುಲ್ಲು, ಮರಕ್ಕೆ ಮೈ ಉಜ್ಜಿದ ಕೆಸರು, ಕೊನೆಗೆ ಗಾಳಿಯಲ್ಲಿ ಉಳಿದ ವಾಸನೆ ಕೂಡ.

ಕನ್ನಡದಲ್ಲಿ ಇದಕ್ಕೆ ಹೊಸ ಪದ ಕಟ್ಟಬೇಕಾಗಿಲ್ಲ. ‘ಜಾಡು’ ಇದೆಯಲ್ಲ! ‘ಆನೆ ಜಾಡು ಹಿಡಿದು ಹೋದರು’ ಅಂತ ನಾವು ಹೇಳುವಾಗ ಬರೀ ಪಾದದ ಅಚ್ಚಿನ ಮಾತಾಡುತ್ತಿರುವುದಿಲ್ಲ. ದಾರಿಯುದ್ದಕ್ಕೂ ಸಿಕ್ಕಿದ್ದನ್ನೆಲ್ಲ ಓದಿಕೊಂಡು ಹೋದರು ಅಂತಲೇ ಅರ್ಥ. ಸ್ಪೂರ್‌ಗೆ ಇಷ್ಟು ಹತ್ತಿರ ಬರುವ ಇನ್ನೊಂದು ಕನ್ನಡ ಪದ ನನಗೆ ಗೊತ್ತಿಲ್ಲ.

ಈಗ ಸ್ಪೋರ್ ವಿಷಯ. ಆ ಗೊಂದಲ ತೋಟದವರಿಗೆ ಬಂದೇ ಬರುತ್ತದೆ. ಕಾಫಿ ಎಲೆ ಮಗುಚಿದರೆ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಬೆರಳಿಗೆ ಅಂಟುತ್ತದಲ್ಲ, ಅದು ತುಕ್ಕು ರೋಗದ ಶಿಲೀಂಧ್ರದ ಸ್ಪೋರ್. ಹೆಮಿಲಿಯಾ ವಾಸ್ಟಾಟ್ರಿಕ್ಸ್ ಅನ್ನೋ ಶಿಲೀಂಧ್ರ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ಮುಗಿಸಿದ್ದು ಇದೇ. ಆ ಸ್ಪೋರ್‌ನ ಸ್ಪೆಲ್ಲಿಂಗ್ ಎಸ್-ಪಿ-ಒ-ಆರ್-ಇ. ಅದು ಗ್ರೀಕಿನಿಂದ ಬಂದ ಮಾತು, ಬಿತ್ತನೆ, ಬೀಜ ಅನ್ನೋ ಅರ್ಥದ್ದು. ನಿಮ್ಮ ಮಗಳ ವರದಿಯ ಪದ ಎಸ್-ಪಿ-ಒ-ಒ-ಆರ್. ಇದು ಡಚ್ಚರ ಕಡೆಯದು. ಎರಡಕ್ಕೂ ನಂಟಿಲ್ಲ. ತೊಂದರೆ ಏನು ಅಂದರೆ, ಇಂಗ್ಲಿಷ್ ಮಾತಾಡುವವರಲ್ಲೇ ಎಷ್ಟೋ ಜನ ಎರಡನ್ನೂ ಒಂದೇ ಥರ ‘ಸ್ಪೋರ್’ ಅಂತಲೇ ಹೇಳುತ್ತಾರೆ. ಹಾಗಾಗಿ ಕಿವಿಯಲ್ಲಿ ಕೇಳಿ ಯಾವುದು ಅಂತ ಹೇಳಲು ಆಗುವುದಿಲ್ಲ, ಸಂದರ್ಭ ನೋಡಬೇಕು. ಕನ್ನಡ ಲಿಪಿಯಲ್ಲಿ ಬರೆಯುವಾಗ ‘ಸ್ಪೂರ್’ ಅಂತಲೇ ಬರೆಯಿರಿ. ಆ ಉಚ್ಚಾರಣೆಯೂ ಸರಿ, ಗೊಂದಲವೂ ಇಲ್ಲ.

ಈ ಪದ ಇಂಗ್ಲಿಷಿಗೆ ಬಂದ ದಾರಿ ನನಗೆ ತುಂಬ ಇಷ್ಟ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದಕ್ಷಿಣ ಆಫ್ರಿಕಾದ ತುದಿಯಲ್ಲಿ ಕೇಪ್ ಅನ್ನೋ ಸೀಮೆ. ಅಲ್ಲಿ ಮೊದಲು ಡಚ್ಚರಿದ್ದರು. ಬ್ರಿಟಿಷರು 1806ರಲ್ಲಿ ಅದನ್ನು ಕೈಗೆ ತೆಗೆದುಕೊಂಡರು. 1820ರಲ್ಲಿ ಇಂಗ್ಲೆಂಡಿನಿಂದ ಸಾವಿರಾರು ಜನ ಅಲ್ಲಿಗೆ ವಲಸೆ ಹೋದರು. ಅಲ್ಲಿ ಸುತ್ತಮುತ್ತ ಸಿಂಹ, ಆನೆ, ಖಡ್ಗಮೃಗ. ಡಚ್ ಮಾತಾಡುವ ರೈತರು, ಬೇಟೆಗಾರರು ಪ್ರಾಣಿಯ ಜಾಡಿಗೆ ‘ಸ್ಪೂರ್’ ಅನ್ನುತ್ತಿದ್ದರು. ಹೊಸಬರು ಅದನ್ನೇ ಕಲಿತರು. 1820ರ ದಶಕದಿಂದ ಇಂಗ್ಲಿಷ್ ಬರಹಗಳಲ್ಲಿ ಈ ಪದ ಕಾಣಿಸಿಕೊಳ್ಳುತ್ತದೆ. ಆಮೇಲೆ ಬೇಟೆಯ ಪುಸ್ತಕಗಳ ಜೊತೆಗೆ ಎಲ್ಲ ಕಡೆ ಹೋಯಿತು. ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ‘ಟ್ರೆಕ್’ ಕೂಡ ಇದೇ ದಾರಿಯಲ್ಲಿ ಬಂದದ್ದು. ಎತ್ತಿನ ಗಾಡಿ ಎಳೆದುಕೊಂಡು ಊರು ಬಿಟ್ಟು ಹೋಗುವುದಕ್ಕೆ ಅವರು ಟ್ರೆಕ್ ಅನ್ನುತ್ತಿದ್ದರು, ಮೂಲ ಅರ್ಥ ಎಳೆಯುವುದು. ಈಗ ತಡಿಯಂಡಮೋಳ್ ಬೆಟ್ಟ ಹತ್ತುವುದಕ್ಕೂ ಟ್ರೆಕ್ಕಿಂಗ್ ಅನ್ನುತ್ತೇವೆ. ಟ್ರೆಕ್ ಊರೆಲ್ಲ ಸುತ್ತಿತು, ಸ್ಪೂರ್ ಮಾತ್ರ ಕಾಡಿನವರ ಹತ್ತಿರವೇ ಉಳಿಯಿತು.

ಇನ್ನೊಂದು ವಿಷಯ ಕೇಳಿ. ಇಂಗ್ಲಿಷಿಗೆ ಇದು ಪೂರ್ತಿ ಹೊರಗಿನ ಪದ ಅಲ್ಲ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಸ್ಪೋರ್’ ಅಂತ ಒಂದು ಪದ ಇತ್ತು, ಅದಕ್ಕೂ ಹೆಜ್ಜೆ, ಜಾಡು ಅಂತಲೇ ಅರ್ಥ. ಡಚ್ಚರ ಸ್ಪೂರ್, ಜರ್ಮನ್ನರ ‘ಶ್ಪೂರ್’, ಇವೆಲ್ಲ ಒಂದೇ ಮನೆಯ ಮಕ್ಕಳು. ಇಂಗ್ಲಿಷಿನಲ್ಲಿ ಆ ಪದ ಬಳಕೆ ತಪ್ಪಿ ಕಳೆದೇಹೋಯಿತು. ನೂರಾರು ವರ್ಷ ಆದಮೇಲೆ ಆಫ್ರಿಕಾ ಸುತ್ತಿ ಅದರ ಅಣ್ಣತಮ್ಮ ಮನೆಗೆ ಬಂದ ಹಾಗೆ ಬಂತು. ಅದೇ ಬೇರಿನಿಂದ ಹಳೆಯ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದವೂ ಇತ್ತು. ಜಾಡು ಹಿಡಿದು ಹುಡುಕು ಅಂತ ಅರ್ಥ. ಅದು ಸ್ಕಾಟ್‌ಲೆಂಡಿನ ಕಡೆ ‘ಸ್ಪೀರ್’ ಅಂತ ಉಳಿದುಕೊಂಡಿದೆ, ಈಗ ಅಲ್ಲಿ ಅದರ ಅರ್ಥ ‘ವಿಚಾರಿಸು, ಕೇಳು’. ಜಾಡು ಹಿಡಿಯುವುದೂ ವಿಚಾರಿಸುವುದೂ ಒಂದೇ ಪದದಲ್ಲಿ! ಒಂದು ವಿಷಯ ಎಲ್ಲಿಂದ ಶುರುವಾಯಿತು ಅಂತ ಕೇಳುತ್ತಾ ಹೋದರೆ ನಾವೂ ‘ಜಾಡು ಹಿಡಿದ’ ಅಂತಲೇ ಹೇಳುತ್ತೇವೆ, ಅಲ್ವಾ?

ಡಚ್ಚಿನಲ್ಲಿ ಸ್ಪೂರ್ ಅಂದರೆ ರೈಲು ಹಳಿ ಕೂಡ. ಗಾಡಿ ಚಕ್ರದ ಜಾಡಿಗೆ ಆ ಪದ ಇತ್ತು, ಅಲ್ಲಿಂದ ಹಳಿಗೆ ಬಂತು. ಕನ್ನಡದಲ್ಲೂ ಮಣ್ಣು ರಸ್ತೆಯಲ್ಲಿ ಚಕ್ರ ಕೊರೆದ ಗೆರೆಗೆ ‘ಗಾಡಿ ಜಾಡು’ ಅನ್ನುತ್ತೇವೆ. ದೂರ ದೂರದ ಎರಡು ಭಾಷೆ ಒಂದೇ ಥರ ಯೋಚನೆ ಮಾಡಿವೆ. ನಮ್ಮ ಕೊಡಗಿಗೆ ರೈಲು ಬಂದಿಲ್ಲ. ಆದರೆ ಹಳಿ ಬಂದಿದೆ, ನೋಡಿದ್ದೀರಲ್ಲ? ಕಾಡಂಚಿನಲ್ಲಿ ಆನೆ ದಾಟದ ಹಾಗೆ ಹಳೆಯ ರೈಲು ಕಂಬಿಗಳನ್ನು ನೆಟ್ಟು ಬೇಲಿ ಮಾಡಿದ್ದಾರೆ. ಆನೆಯ ಸ್ಪೂರ್ ಬಂದು ಆ ಕಂಬಿಯ ಹತ್ತಿರ ನಿಂತಿದ್ದನ್ನು ಒಮ್ಮೆ ನೋಡಿದೆ. ಬೇಲಿಯ ಉದ್ದಕ್ಕೂ ಹೆಜ್ಜೆ ಹೋಗಿ, ವಾಪಸ್ ಬಂದು, ಮತ್ತೆ ಹೋಗಿತ್ತು. ಡಚ್ಚಿನವನೊಬ್ಬ ಅಲ್ಲಿದ್ದಿದ್ದರೆ ಎರಡಕ್ಕೂ ಒಂದೇ ಪದ ಹೇಳುತ್ತಿದ್ದ ಅಂತ ಆಗ ಅನ್ನಿಸಿತು.

ಸರಿ, ಪದದ ಚರಿತ್ರೆ ಸಾಕು. ‘ಹೆಜ್ಜೆ ಗುರುತು’ ಅಂತ ಯಾಕೆ ಹಾಕಬಾರದು ಅನ್ನುವುದಕ್ಕೆ ಬರುತ್ತೇನೆ, ಯಾಕೆಂದರೆ ನೀವು ಲೈನ್ ಮನೆಯವರಿಗೆ ಓದಿ ಹೇಳುತ್ತೀರಿ.

ನಮ್ಮ ತೋಟಗಳ ನೆಲ ನೆನಪು ಮಾಡಿಕೊಳ್ಳಿ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ. ಕೆಳಗೆ ಕಾಫಿ. ನೆಲದ ಮೇಲೆ ಗೇಣುದ್ದ ತರಗೆಲೆ. ಫೆಬ್ರವರಿ, ಮಾರ್ಚ್‌ನಲ್ಲಿ ಅಂತೂ ಕಾಲಿಟ್ಟರೆ ಚರಚರ. ಅದರ ಮೇಲೆ ಮೂರು ನಾಲ್ಕು ಸಾವಿರ ಕಿಲೋ ತೂಕದ ಆನೆ ನಡೆದು ಹೋದರೂ ಹೆಜ್ಜೆ ಅಚ್ಚು ಸಿಗುವುದಿಲ್ಲ! ಆನೆಯ ಪಾದ ಅಡಿಯಲ್ಲಿ ಮೆತ್ತೆ ಇದ್ದ ಹಾಗೆ, ಭಾರ ಅಗಲಕ್ಕೆ ಹಂಚಿಹೋಗುತ್ತದೆ. ತರಗೆಲೆ ಸ್ವಲ್ಪ ಅದುಮಿದಂತೆ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಇನ್ನು ಜೂನ್ ಜುಲೈ ಮಳೆಯಲ್ಲಿ ಹೆಜ್ಜೆ ಚೆನ್ನಾಗಿಯೇ ಮೂಡುತ್ತದೆ, ಆದರೆ ಒಂದು ಗಂಟೆಯಲ್ಲಿ ನೀರು ತುಂಬಿ ಗುಂಡಿ ಆಗಿರುತ್ತದೆ. ಹೆಜ್ಜೆ ಸರಿಯಾಗಿ ಓದಲು ಸಿಗುವುದು ಕೆರೆ ಅಂಚಿನಲ್ಲಿ, ಗದ್ದೆ ಬದುವಿನಲ್ಲಿ, ತೋಟದ ಮಣ್ಣು ರಸ್ತೆಯ ಧೂಳಿನಲ್ಲಿ. ಬಾಕಿ ಕಡೆ ಬೇರೆ ಗುರುತುಗಳೇ ಜಾಸ್ತಿ.

ಒಂದು ತೋಟದಲ್ಲಿ ನಡೆದದ್ದು ಹೇಳುತ್ತೇನೆ, ಹೆಸರು ಬೇಡ. ಅಲ್ಲಿ ಇಂಗ್ಲಿಷ್ ಸೂಚನೆಯೊಂದನ್ನು ಕನ್ನಡಕ್ಕೆ ಮಾಡಿ ಗೋಡೆಗೆ ಅಂಟಿಸಿದ್ದರು. ‘ಆನೆಯ ಹೆಜ್ಜೆ ಗುರುತು ಕಂಡರೆ ಕೂಡಲೇ ರೈಟರ್‌ಗೆ ತಿಳಿಸಿ’ ಅಂತ. ರೈಟರ್ ಅಂದರೆ ತೋಟದ ಗುಮಾಸ್ತ. ಇಂಗ್ಲಿಷಿನಲ್ಲಿ ಇದ್ದದ್ದು ಸ್ಪೂರ್. ಕಾಫಿ ಕೊಯ್ಲಿನ ಸಮಯ. ಬೆಳಿಗ್ಗೆ ಕೆಲಸಕ್ಕೆ ಹೊರಟ ಹೆಂಗಸರು ದಾರಿಯಲ್ಲಿ ಲದ್ದಿ ನೋಡಿದರು, ಬಾಳೆ ಕಿತ್ತು ಬಿದ್ದಿದ್ದನ್ನೂ ನೋಡಿದರು. ಹೆಜ್ಜೆ ಕಾಣಲಿಲ್ಲ. ‘ಹಳೇದಿರಬೇಕು’ ಅಂತ ಮಾತಾಡಿಕೊಂಡು ಮುಂದೆ ಹೋದರು. ಆನೆ ನೂರು ಗಜ ಕೆಳಗೆ ಬಿದಿರು ಮೆಳೆಯ ಪಕ್ಕ ನಿಂತಿತ್ತು. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ, ಆನೆ ಘೀಳಿಟ್ಟಿತು, ಎಲ್ಲರೂ ಓಡಿ ಬಂದರು. ಆಮೇಲೆ ಕೇಳಿದಾಗ ಒಬ್ಬಾಕೆ ಹೇಳಿದ್ದು ನನ್ನ ತಲೆಯಲ್ಲಿ ಉಳಿದಿದೆ. ‘ಹೆಜ್ಜೆ ಕಂಡರೆ ಹೇಳಿ ಅಂದಿದ್ರಿ, ಹೆಜ್ಜೆ ಕಾಣಲಿಲ್ಲ.’ ಆಕೆ ಹೇಳಿದ್ದರಲ್ಲಿ ಏನು ತಪ್ಪಿದೆ? ಪದ ತಪ್ಪಿತ್ತು. ಅಲ್ಲಿಂದ ಈಚೆಗೆ ಈ ಪದ ಎಲ್ಲಿ ಸಿಕ್ಕಿದರೂ ನಾನು ಸುಮ್ನೆ ಬಿಡುವುದಿಲ್ಲ.

ಜಾಡು ಅನ್ನುವುದನ್ನು ನಾನು ಕಲಿತದ್ದು ನಿಘಂಟಿನಿಂದಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ, ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಜೇನು ಕುರುಬರ ಹಿರಿಯರೊಬ್ಬರು ಬೆಳಿಗ್ಗೆ ನನ್ನನ್ನು ಕೆರೆ ಹತ್ತಿರ ಕರೆದುಕೊಂಡು ಹೋದರು. ಕೆರೆ ಅಂಚಿನ ಕೆಸರಿನಲ್ಲಿ ತಟ್ಟೆಯಷ್ಟು ಅಗಲದ ದುಂಡನೆ ಗುರುತುಗಳು. ಒಂದರ ಮೇಲೊಂದು ಬಿದ್ದು ಯಾವುದೂ ನನಗೆ ಸ್ಪಷ್ಟ ಆಗಲಿಲ್ಲ. ಆನೆ ನಡೆಯುವಾಗ ಹಿಂದಿನ ಕಾಲು ಮುಂದಿನ ಕಾಲು ಇಟ್ಟ ಜಾಗದ ಹತ್ತಿರವೇ ಬಂದು ಕೂರುತ್ತದೆ, ಅದಕ್ಕೇ ಹಾಗೆ. ಅವರು ಕೂತು ಬೆರಳಿನಲ್ಲಿ ತೋರಿಸಿದರು. ಇದು ದುಂಡಗಿದೆ, ಮುಂದಿನ ಕಾಲು. ಇದು ಸ್ವಲ್ಪ ಉದ್ದ, ಚಿಕ್ಕದು, ಹಿಂದಿನದು. ಅಂಚಿನಲ್ಲಿ ಅರ್ಧಚಂದ್ರದ ಥರ ಉಗುರಿನ ಒತ್ತು ಇರುವ ಕಡೆಯೇ ಅದು ಹೋದ ದಿಕ್ಕು. ಆಮೇಲೆ ಒಂದು ಬಳ್ಳಿ ಕಿತ್ತು ಮುಂದಿನ ಕಾಲಿನ ಗುರುತಿನ ಸುತ್ತ ಇಟ್ಟು ಅಳೆದರು. ಅದನ್ನು ಎರಡು ಪಟ್ಟು ಮಾಡಿ ಎದ್ದು ನಿಂತು ಎತ್ತಿ ಹಿಡಿದರು. ‘ಇಷ್ಟು ಎತ್ತರ’ ಅಂದರು. ಅವರ ತಲೆಗಿಂತ ಮೇಲೆ ಹೋಗಿತ್ತು ಆ ಬಳ್ಳಿಯ ತುದಿ.

ಇದು ನಿಜವಾದ ಲೆಕ್ಕ. ಏಷ್ಯಾದ ಆನೆಯ ಮುಂಗಾಲಿನ ಪಾದದ ಸುತ್ತಳತೆಯ ಎರಡು ಪಟ್ಟು ಅಂದರೆ ಹೆಚ್ಚುಕಡಿಮೆ ಅದರ ಭುಜದ ಎತ್ತರ. ಸುತ್ತಳತೆ ನಾಲ್ಕೂವರೆ ಅಡಿ ಬಂದರೆ ಒಂಬತ್ತು ಅಡಿ ಆನೆ, ಅಂದರೆ ದೊಡ್ಡ ಗಂಡಾನೆ ಅಂತಲೇ ಅಂದುಕೊಳ್ಳಬಹುದು. ಹಸಿ ಕೆಸರಿನಲ್ಲಿ ಅಚ್ಚು ಹರಡಿ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, ಅದನ್ನು ಕಳೆಯಬೇಕು.

ಅಲ್ಲಿಂದ ಮೇಲೆ ತೋಟಕ್ಕೆ ಬಂದಾಗ ಹೆಜ್ಜೆ ಮಾಯ. ನನ್ನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಅವರು ನಿಲ್ಲಲೇ ಇಲ್ಲ. ಸಿಲ್ವರ್ ಓಕ್ ಮರದ ಕಾಂಡದಲ್ಲಿ ನನ್ನ ಎತ್ತರಕ್ಕಿಂತ ಮೇಲೆ ಒದ್ದೆ ಕೆಸರು ಮೆತ್ತಿತ್ತು. ಮೈ ಉಜ್ಜಿದೆ, ಕೆರೆಯಲ್ಲಿ ಮಿಂದು ಈ ಕಡೆ ಬಂದಿದೆ ಅಂತ ಅದರ ಅರ್ಥ. ಮುಂದೆ ಲದ್ದಿ. ಕಾಲಿನಲ್ಲಿ ಮೆಲ್ಲಗೆ ಒಡೆದು ಒಳಗೆ ಕೈ ಹಿಡಿದು ನೋಡಿದರು. ಮೇಲೆ ತಣ್ಣಗೆ, ಒಳಗೆ ಬಿಸಿ. ಮೇಲೆ ಇನ್ನೂ ಹೊಳಪಿತ್ತು, ನೊಣ ಆಗತಾನೆ ಕೂರುತ್ತಿತ್ತು. ಲದ್ದಿಯಲ್ಲಿ ಬಿದಿರಿನ ನಾರು, ಜೊತೆಗೆ ಕಾಫಿ ಬೀಜ. ಹೌದು, ಹಣ್ಣಾದ ಕಾಫಿಯನ್ನು ಆನೆ ತಿನ್ನುತ್ತದೆ, ಲದ್ದಿ ಬಿದ್ದ ಜಾಗದಲ್ಲಿ ಆಮೇಲೆ ಕಾಫಿ ಸಸಿ ಗುಂಪಾಗಿ ಏಳುವುದನ್ನು ನೀವೂ ನೋಡಿರುತ್ತೀರಿ. ಇನ್ನೂ ಮುಂದೆ ಎರಡು ಕಾಫಿ ಗಿಡದ ನಡುವೆ ಜೇಡ ಕಟ್ಟಿದ ಬಲೆ ಹರಿದಿತ್ತು. ಅದರ ಪಕ್ಕದ ಸಾಲಿನಲ್ಲಿ ಬಲೆ ಮೇಲೆ ಇಬ್ಬನಿ ಹಾಗೇ ನಿಂತಿತ್ತು. ‘ಇಲ್ಲಿ ಹೋಗಿದೆ, ಅಲ್ಲಿ ಹೋಗಿಲ್ಲ’ ಅಂದರು. ಅಷ್ಟೇ. ಆ ಹರಿದ ಬಲೆಯೂ ಸ್ಪೂರ್. ಹರಿಯದೆ ಇದ್ದ ಬಲೆ ಕೂಡ ಅವರಿಗೆ ಒಂದು ಸುದ್ದಿ ಹೇಳಿತ್ತು.

ಆ ಬೆಳಿಗ್ಗೆ ನಾವು ನೋಡಿದ್ದನ್ನೆಲ್ಲ ಒಂದೇ ಪದದಲ್ಲಿ ಹೇಳಬೇಕಾದರೆ ಇಂಗ್ಲಿಷಿನಲ್ಲಿ ಸ್ಪೂರ್, ಕನ್ನಡದಲ್ಲಿ ಜಾಡು. ಮಗಳು ಲದ್ದಿಯನ್ನೂ ಕೊಂಬೆಯನ್ನೂ ಸೇರಿಸಿ ಸ್ಪೂರ್ ಅಂತ ಬರೆದದ್ದು ಅದಕ್ಕೇ ಸರಿ.

ಬಹುವಚನ ಕೇಳಿದ್ದೀರಿ. ‘ಸ್ಪೂರ್ಸ್’ ಅಂತ ನಿಘಂಟಿನಲ್ಲಿ ಇದೆ, ತಪ್ಪಲ್ಲ, ಆದರೆ ಬಳಕೆ ಕಡಿಮೆ. ಸಾಮಾನ್ಯವಾಗಿ ಇದನ್ನು ಎಣಿಸುವುದಿಲ್ಲ. ನೀರು, ಮರಳು ಇದ್ದ ಹಾಗೆ. ಎಷ್ಟು ಹೆಜ್ಜೆ ಇದ್ದರೂ, ಎಷ್ಟು ಕಡೆ ಲದ್ದಿ ಇದ್ದರೂ ಒಟ್ಟು ಸೇರಿ ‘ಸ್ಪೂರ್’ ಅಷ್ಟೇ. ಒಂದೊಂದೇ ಹೆಜ್ಜೆಯನ್ನು ಎಣಿಸಬೇಕಾದರೆ ‘ಫುಟ್‌ಪ್ರಿಂಟ್’ ಅಥವಾ ‘ಟ್ರ್ಯಾಕ್’ ಬಳಸಬೇಕು. ‘ಐದು ಸ್ಪೂರ್ ಕಂಡೆವು’ ಅಂತ ಬರೆದರೆ ಓದುವವರಿಗೆ ಐದು ಹೆಜ್ಜೆಯೋ, ಐದು ಬೇರೆ ಬೇರೆ ಪ್ರಾಣಿಯ ಜಾಡೋ ಅಂತ ಗೊತ್ತಾಗುವುದಿಲ್ಲ. ಕನ್ನಡದ ಜಾಡು ಕೂಡ ಹಾಗೇ ತಾನೇ? ‘ಆನೆ ಜಾಡು’ ಅನ್ನುತ್ತೇವೆ, ‘ಆನೆ ಜಾಡುಗಳು’ ಅಂದರೆ ಕಿವಿಗೆ ಒಂಥರಾ.

ಇದರ ಜೊತೆ ಬರುವ ಕ್ರಿಯಾಪದಗಳೂ ನಮ್ಮವಕ್ಕೆ ಹೊಂದುತ್ತವೆ. ಇಂಗ್ಲಿಷಿನವರು ಸ್ಪೂರನ್ನು ‘ಪಿಕ್ ಅಪ್’ ಮಾಡುತ್ತಾರೆ, ‘ಫಾಲೋ’ ಮಾಡುತ್ತಾರೆ, ‘ಲೂಸ್’ ಮಾಡುತ್ತಾರೆ. ನಾವು ಜಾಡು ಹಿಡಿಯುತ್ತೇವೆ, ಜಾಡಿನಲ್ಲಿ ಹೋಗುತ್ತೇವೆ, ಜಾಡು ತಪ್ಪುತ್ತದೆ. ‘ಫ್ರೆಶ್ ಸ್ಪೂರ್’ಗೆ ‘ಹೊಸ ಜಾಡು’ ಅಂದರೆ ಸಾಕು, ‘ತಾಜಾ’ ಅನ್ನುವುದು ಬೇಡ, ಅದು ತರಕಾರಿಗೆ ಸರಿ. ‘ಬ್ಲಡ್ ಸ್ಪೂರ್’ ಅಂತಲೂ ಬೇಟೆ ಪುಸ್ತಕಗಳಲ್ಲಿ ಸಿಗುತ್ತದೆ, ಗಾಯಗೊಂಡ ಪ್ರಾಣಿ ಬಿಟ್ಟುಹೋದ ರಕ್ತದ ಜಾಡು. ಸ್ಪೂರ್ ಅನ್ನೇ ಕ್ರಿಯಾಪದ ಮಾಡಿ, ಜಾಡು ಹಿಡಿ ಅನ್ನೋ ಅರ್ಥದಲ್ಲೂ ಬಳಸುತ್ತಾರೆ. ಮನುಷ್ಯನಿಗೆ, ವಾಹನಕ್ಕೆ ಕೂಡ ಹೇಳಬಹುದು.

ಎರಡು ಪದಗಳ ಮಧ್ಯೆ ಒಂದು ವ್ಯತ್ಯಾಸ ಮಾತ್ರ ಇದೆ, ಅದನ್ನು ಮರೆಯಬಾರದು. ಕನ್ನಡದ ಜಾಡು ಸ್ವಲ್ಪ ಅಗಲ. ದಿನಾ ನಡೆದು ನಡೆದು ಸವೆದ ದಾರಿಗೂ ಜಾಡು ಅನ್ನುತ್ತೇವೆ. ಸ್ಪೂರ್ ಹಾಗಲ್ಲ, ಅದು ಒಂದು ಸಲ ಹೋದ ಪ್ರಾಣಿ ಬಿಟ್ಟ ಗುರುತು. ಆನೆಗಳು ತಲೆತಲಾಂತರದಿಂದ ಕಾಡಿನಿಂದ ಕಾಡಿಗೆ ಓಡಾಡುವ ದಾರಿ ಇದೆಯಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ‘ಕಾರಿಡಾರ್’. ನಿಮ್ಮ ಮಗಳ ವರದಿಯಲ್ಲಿ ಎರಡೂ ಬಂದಿದ್ದರೆ ಅದನ್ನು ‘ಆನೆ ದಾರಿ’ ಅಂತಲೂ, ಸ್ಪೂರನ್ನು ‘ಜಾಡು’ ಅಂತಲೂ ಬೇರೆ ಬೇರೆ ಮಾಡಿ. ಇಲ್ಲದಿದ್ದರೆ ‘ಇಲ್ಲಿ ಆನೆ ಜಾಡಿದೆ’ ಅಂದಾಗ ನಿನ್ನೆ ರಾತ್ರಿ ಬಂದಿತ್ತು ಅಂತಲೋ, ವರ್ಷವಿಡೀ ಬರುತ್ತದೆ ಅಂತಲೋ ಕೇಳಿದವರಿಗೆ ಗೊತ್ತಾಗುವುದಿಲ್ಲ. ತೋಟದಲ್ಲಿ ಇದು ಸಣ್ಣ ವಿಷಯ ಅಲ್ಲ.

ಹುಲಿ, ಚಿರತೆ ವಿಷಯ ಬಂದರೆ ಇನ್ನೊಂದು ಪದ ಸಿಗುತ್ತದೆ, ‘ಪಗ್‌ಮಾರ್ಕ್’. ಅದು ನಮ್ಮ ದೇಶದಲ್ಲೇ ಹುಟ್ಟಿದ ಇಂಗ್ಲಿಷ್. ಹಿಂದಿಯ ‘ಪಗ್’ ಅಂದರೆ ಪಾದ. ಹುಲಿ, ಚಿರತೆಯಂಥ ಮೆತ್ತೆ ಪಾದದ ಪ್ರಾಣಿಗಳ ಅಚ್ಚಿಗೆ ಮಾತ್ರ ಅದನ್ನು ಬಳಸುತ್ತಾರೆ. ಆನೆಗೆ ಪಗ್‌ಮಾರ್ಕ್ ಅಂತ ಬರೆದದ್ದನ್ನು ನಾನು ನೋಡಿದ್ದೇನೆ, ಅದು ತಪ್ಪು. ಹಾಗೇ ಪಗ್‌ಮಾರ್ಕ್ ಅಂದರೆ ಅಚ್ಚು ಮಾತ್ರ, ಲದ್ದಿ ಗಿದ್ದಿ ಸೇರುವುದಿಲ್ಲ. ಈ ಪಗ್‌ಮಾರ್ಕ್ ನೋಡಿಯೇ ನಮ್ಮ ದೇಶದಲ್ಲಿ ಹಿಂದೆ ಹುಲಿ ಎಣಿಸುತ್ತಿದ್ದರು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿಯವರು 1966ರಲ್ಲಿ ಶುರುಮಾಡಿದ ಕ್ರಮ ಅದು. ಅಚ್ಚನ್ನು ಗಾಜಿನ ಮೇಲೆ ಬರೆದುಕೊಂಡು, ಪ್ಲಾಸ್ಟರ್ ಹಾಕಿ ಎತ್ತಿ, ಪ್ರತಿ ಹುಲಿಯನ್ನೂ ಗುರುತಿಸುವ ಪ್ರಯತ್ನ. ಆದರೆ ಒಂದೇ ಹುಲಿಯ ಅಚ್ಚು ಧೂಳಿನಲ್ಲಿ ಒಂಥರಾ, ಕೆಸರಿನಲ್ಲಿ ಇನ್ನೊಂಥರಾ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿ ಇತ್ತು, 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ. ಆಮೇಲೆ ಆ ಕ್ರಮ ಬಿಟ್ಟರು. ಈಗ ಹುಲಿಯ ಪಟ್ಟೆ ನೋಡಿ ಕ್ಯಾಮೆರಾದಲ್ಲಿ ಎಣಿಸುತ್ತಾರೆ. ಕ್ಯಾಮೆರಾ ಇಟ್ಟು ಹಾಗೆ ಲೆಕ್ಕ ಹಾಕುವ ಕೆಲಸ ನಮ್ಮ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಅದಕ್ಕೂ ಎಷ್ಟೋ ಮೊದಲೇ ಮಾಡಿ ತೋರಿಸಿದ್ದರು. ಹಾಗಂತ ಜಾಡು ಓದುವುದು ನಿಂತಿಲ್ಲ. ಯಾವ ಮರಕ್ಕೆ ಕ್ಯಾಮೆರಾ ಕಟ್ಟಬೇಕು ಅಂತ ಹೇಳುವುದು ಈಗಲೂ ಜಾಡೇ. ಆಫ್ರಿಕಾದಲ್ಲಂತೂ ವಿಜ್ಞಾನಿಗಳು ಸಿಂಹ, ಚಿರತೆಯ ಅಂದಾಜಿಗೆ ‘ಸ್ಪೂರ್ ಕೌಂಟ್’ ಅಂತಲೇ ಮಾಡುತ್ತಾರೆ.

ಇನ್ನೊಂದು ಸಣ್ಣ ಮಾತು. ಪ್ರಾಣಿಯ ಹೊಲಸಿಗೆ ಇಂಗ್ಲಿಷಿನಲ್ಲಿ ಒಂದೊಂದಕ್ಕೆ ಒಂದೊಂದು ಹೆಸರು. ಆನೆ, ದನದ್ದು ಡಂಗ್, ಹುಲಿ ಚಿರತೆಯದು ಸ್ಕ್ಯಾಟ್, ನೀರುನಾಯಿಯದು ಸ್ಪ್ರೇಂಟ್. ಕಾವೇರಿ ದಡದ ಬಂಡೆಯ ಮೇಲೆ ಮೀನಿನ ಮುಳ್ಳು, ಏಡಿಯ ಚಿಪ್ಪು ತುಂಬಿದ ಸ್ಪ್ರೇಂಟ್ ಕಂಡರೆ ಹತ್ತಿರದಲ್ಲೇ ನೀರುನಾಯಿ ಇದೆ ಅಂತ ಲೆಕ್ಕ. ಕನ್ನಡ ಇದರಲ್ಲಿ ಹಿಂದೆ ಬಿದ್ದಿಲ್ಲ. ಆನೆ, ಕುದುರೆಗೆ ಲದ್ದಿ, ದನಕ್ಕೆ ಸಗಣಿ, ಆಡು, ಜಿಂಕೆ, ಮೊಲಕ್ಕೆ ಹಿಕ್ಕೆ. ಆದ್ದರಿಂದ ಅನುವಾದ ಮಾಡುವಾಗ ಎಲ್ಲದಕ್ಕೂ ‘ಮಲ’ ಅಂತ ಹಾಕಬೇಡಿ ದಯವಿಟ್ಟು. ‘ಆನೆಯ ಮಲ’ ಅಂತ ಓದಿದರೆ ನಮ್ಮ ಲೈನ್ ಮನೆಯಲ್ಲಿ ಯಾರಿಗೂ ಅದು ತಾವು ದಿನಾ ನೋಡುವ ವಸ್ತು ಅಂತ ಅನ್ನಿಸುವುದಿಲ್ಲ. ಲದ್ದಿ ಅಂದರೆ ಸಾಕು, ಹಳೇದೋ ಹೊಸದೋ ಅಂತ ಅವರೇ ಕೇಳುತ್ತಾರೆ.

ಸ್ಪೂರ್ ಬೇಟೆಯವರ ಪದ ಅಲ್ವಾ, ವರದಿಯಲ್ಲಿ ಬಳಸಬಹುದಾ ಅಂತ ಮಗಳಿಗೆ ಯಾರಾದರೂ ಕೇಳಬಹುದು. ಬಳಸಬಹುದು. ಹುಟ್ಟಿದ್ದು ಬೇಟೆಯಲ್ಲಿ, ನಿಜ. ನಮ್ಮ ಕೊಡಗಿನಲ್ಲೂ ಜಾಡು ಓದುವ ವಿದ್ಯೆ ಬೆಳೆದದ್ದು ಬೇಟೆಯ ಕಾಲದಲ್ಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆ ನಿಂತಿತು. ಕೊಡವರ ಆಯುಧ ಹಬ್ಬ ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ ಈಗಲೂ ಆಗುತ್ತದೆ, ಜಾಡು ಓದುವ ಕಣ್ಣು ಈಗ ಆನೆ ಎಲ್ಲಿದೆ ಅಂತ ಮೊದಲೇ ತಿಳಿದು ಜನರನ್ನು ದೂರ ಇಡುವ ಕೆಲಸಕ್ಕೆ ಬರುತ್ತಿದೆ. ಪದವೂ ಹಾಗೇ ಕೆಲಸ ಬದಲಾಯಿಸಿಕೊಂಡಿದೆ. ಒಂದೇ ಎಚ್ಚರ, ಇಲ್ಲಿನ ಅರಣ್ಯ ಇಲಾಖೆಯ ಬರಹಗಳಲ್ಲಿ ‘ಸೈನ್’, ‘ಇನ್‌ಡೈರೆಕ್ಟ್ ಎವಿಡೆನ್ಸ್’ ಅನ್ನುವುದೇ ಹೆಚ್ಚು, ಸ್ಪೂರ್ ಆಫ್ರಿಕಾದ ಕಡೆ ಹೆಚ್ಚು. ವರದಿಯನ್ನು ಇಲ್ಲಿಯವರು ಓದುವುದಾದರೆ ಮೊದಲ ಸಲ ಬಂದ ಕಡೆ ಒಂದು ಸಾಲಿನ ವಿವರಣೆ ಕೊಡಲಿ.

ಈಗ ನಿಮ್ಮ ಎರಡು ವಾಕ್ಯ. ಮೊದಲನೆಯದು, ‘ಕೆರೆ ಹತ್ತಿರ ಆನೆಯ ಹೊಸ ಜಾಡು ಇತ್ತು.’ ಎರಡನೆಯದನ್ನು ‘ಜಾಡು ಲದ್ದಿ ಮತ್ತು ಮುರಿದ ಕೊಂಬೆಗಳನ್ನು ಒಳಗೊಂಡಿತ್ತು’ ಅಂತ ಮಾಡಬೇಡಿ, ಯಾರೂ ಹಾಗೆ ಮಾತಾಡುವುದಿಲ್ಲ. ‘ದಾರಿಯಲ್ಲಿ ಲದ್ದಿ ಬಿದ್ದಿತ್ತು, ಕೊಂಬೆ ಮುರಿದಿತ್ತು’ ಅನ್ನಿ, ಮುಗಿಯಿತು. ಲೈನ್ ಮನೆಗಳಲ್ಲಿ ಓದುವುದಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ: ‘ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಆನೆ ಜಾಡು ಕಂಡರೆ ಮುಂದೆ ಹೋಗಬೇಡಿ, ವಾಪಸ್ ಬಂದು ರೈಟರ್‌ಗೆ ಹೇಳಿ. ಹೆಜ್ಜೆಯೇ ಕಾಣಬೇಕು ಅಂತಿಲ್ಲ. ಹೊಸ ಲದ್ದಿ, ಆಗತಾನೆ ಮುರಿದ ಕೊಂಬೆ, ಕಿತ್ತ ಬಾಳೆ, ಮರಕ್ಕೆ ಮೆತ್ತಿದ ಹಸಿ ಕೆಸರು, ಯಾವುದು ಕಂಡರೂ ಸರಿ.’ ಕೊಯ್ಲಿಗೆ ಹೊರಗಿನಿಂದ ಬಂದವರಿಗೆ ಕನ್ನಡ ಅಷ್ಟಾಗಿ ಬರದಿದ್ದರೆ ಅವರನ್ನು ಕರೆದುಕೊಂಡು ಹೋಗಿ ಒಂದು ಲದ್ದಿಯನ್ನೂ ಮುರಿದ ಕೊಂಬೆಯನ್ನೂ ತೋರಿಸಿಬಿಡಿ.